ನೋಡಬಾರದ ಮುಖ

ಹಾರ್ಲನ್ ಬಿಟ್ಸಿಲಿಗೆ ತನ್ನ ಅತ್ತೆಯ ಮುಖ ಹೇಗಿದೆ ಎಂದು ಗೊತ್ತಿರಲಿಲ್ಲ. ಮದುವೆಯಾಗಿ ಹದಿನಾಲ್ಕು ವರ್ಷವಾಗಿತ್ತು. ಇಬ್ಬರ ಮನೆಗಳ ನಡುವೆ ಇದ್ದದ್ದು ಒಂದು ಕುರಿದೊಡ್ಡಿ, ಒಂದು ನೀರಿನ ಪೀಪಾಯಿ, ಎರಡು ಜೂನಿಪರ್ ಮರ, ಅಷ್ಟೆ. ಅವಳು ಕೆಮ್ಮಿದರೆ ಇವನಿಗೆ ಕೇಳುತ್ತಿತ್ತು. ಇವನು ಎರಡು ಸಲ ಸೀನಿದರೆ ಅವಳು ಮಗಳ ಕೈಯಲ್ಲಿ ಕಹಿ ಸೊಪ್ಪಿನ ಕಷಾಯ ಕಳಿಸುತ್ತಿದ್ದಳು. ಆದರೂ ಮುಖ ನೋಡಿರಲಿಲ್ಲ.

ನಮ್ಮ ನವಾಹೊ ಬುಡಕಟ್ಟಿನ ಜನರಲ್ಲಿ ಅಳಿಯ ಅತ್ತೆಯ ಮುಖ ನೋಡಬಾರದು, ಅತ್ತೆ ಅಳಿಯನ ಮುಖ ನೋಡಬಾರದು. ನೋಡಿದರೆ ಕಣ್ಣು ಹೋಗುತ್ತದೆ ಎನ್ನುತ್ತಾರೆ ಹಿರಿಯರು. ಈಗ ಇದನ್ನೆಲ್ಲ ಯಾರು ಪಾಲಿಸುತ್ತಾರೆ ಬಿಡಿ. ಪೇಜ್ ಊರಿನ ಅಂಗಡಿಯಲ್ಲಿ ಅತ್ತೆ ಅಳಿಯ ಒಂದೇ ಗಾಡಿ ತಳ್ಳಿಕೊಂಡು, ಯಾವ ಕೋಳಿ ದಪ್ಪಗಿದೆ ಎಂದು ಜಗಳವಾಡುವುದನ್ನು ನಾವೆಲ್ಲ ಕಂಡಿದ್ದೇವೆ. ಆದರೆ ಹಾರ್ಲನ್‌ನ ಅತ್ತೆ ಝೋನಿ ಮೆನಿಮ್ಯೂಲ್ಸ್ ಆ ಪೈಕಿಯಲ್ಲ. ಅವಳು ಹಳೆಯ ಕಾಲದ ಹೆಂಗಸರಂತೆ ಸೊಂಟದ ಪಟ್ಟಿಗೆ ಒಂದು ಸಣ್ಣ ಬೆಳ್ಳಿಯ ಗೆಜ್ಜೆ ಕಟ್ಟಿಕೊಂಡೇ ಓಡಾಡುವವಳು. ಗೆಜ್ಜೆಯ ಸದ್ದು ಕೇಳಿದರೆ ಅಳಿಯನಾದವನು ಟೋಪಿ ಕೆಳಗೆಳೆದು, ಗೋಡೆಯೋ ಮರವೋ ಸಿಕ್ಕಿದ್ದಕ್ಕೆ ಮುಖ ಮಾಡಿ ನಿಲ್ಲಬೇಕು. ಅವಳು ದಾಟಿಹೋದ ಮೇಲೆ ತಿರುಗಬೇಕು. ಹಾರ್ಲನ್ ಹದಿನಾಲ್ಕು ವರ್ಷ ಹಾಗೆಯೇ ನಿಂತಿದ್ದ. ಮೊದಮೊದಲು ನಗು ಬರುತ್ತಿತ್ತು. ಆಮೇಲೆ ಅದು ಉಸಿರಾಟದಷ್ಟೇ ರೂಢಿಯಾಯಿತು.

ಅವನು ಕಹಿನೀರು ಕುಲದವನು, ಕೈಬೀಟೋ ಕಡೆಯವನು. ನಮ್ಮಲ್ಲಿ ಮನೆ, ಜಮೀನು, ಕುರಿ ಎಲ್ಲ ಹೆಣ್ಣಿನದು. ಮದುವೆಯಾದ ಗಂಡಸು ಒಂದು ಜೀನು, ಎರಡು ಜೊತೆ ಬೂಟು ಹೊತ್ತುಕೊಂಡು ಹೆಂಡತಿಯ ತಾಯಿಯ ನೆಲಕ್ಕೆ ಬರುತ್ತಾನೆ. ಇವನು ಜೀನಿನ ಬದಲು ವೆಲ್ಡಿಂಗ್ ಯಂತ್ರ ತಂದಿದ್ದ. ವಿದ್ಯುತ್ ಸ್ಥಾವರದಲ್ಲಿ ಕೆಲಸ ಇತ್ತು. ಸ್ಥಾವರ ಮುಚ್ಚಿದಾಗ ಜೊತೆಯವರು ಫೀನಿಕ್ಸಿಗೆ ಹೋದರು. ಇವನಿಗೂ ಹೋಗುವ ಮನಸ್ಸಿತ್ತು. ಆಗ ಅತ್ತೆ ಮಗಳ ಮೂಲಕ ಒಂದು ಮಾತು ಹೇಳಿ ಕಳಿಸಿದಳು: ನನ್ನ ಕುರಿಮೇವಿನ ನೆಲದಲ್ಲಿ ಒಂದು ಸೀಳುಕಣಿವೆ ಇದೆಯಲ್ಲ, ಜನ ದೂರದೂರದಿಂದ ಅಂಥದ್ದನ್ನು ನೋಡಲು ಬರುತ್ತಾರಂತೆ, ತೋರಿಸಲಿ. ಮನೆಯವರು ಆ ಕಣಿವೆಯನ್ನು ಗಂಟಲು ಎಂದು ಕರೆಯುತ್ತಾರೆ. ಅಷ್ಟು ಕಿರಿದು. ಎರಡು ಕೈ ಚಾಚಿದರೆ ಎರಡೂ ಕಡೆಯ ಬಂಡೆ ತಾಗುತ್ತದೆ, ತಲೆ ಎತ್ತಿದರೆ ಐದಾಳೆತ್ತರದಲ್ಲಿ ಒಂದು ಗೆರೆ ಆಕಾಶ.

ಹೀಗೆ ಹಾರ್ಲನ್ ದಾರಿ ತೋರಿಸುವವನಾದ. ಒಳ್ಳೆಯವನೇ ಆದ. ಒಂದು ತೊಂದರೆ ಮಾತ್ರ ಮೊದಲ ವರ್ಷ ಕಾಡಿತು. ನಾವು ಬೆರಳು ಮಾಡಿ ತೋರಿಸುವುದಿಲ್ಲ, ಅದು ಮರ್ಯಾದೆಯಲ್ಲ. ತುಟಿ ಮುಂದೆ ಚಾಚಿ, ಕಣ್ಣನ್ನೂ ಗದ್ದವನ್ನೂ ಅದರ ಜೊತೆ ಸ್ವಲ್ಪ ಆಡಿಸಿ ತೋರಿಸುತ್ತೇವೆ. ಅವನು ಹಾಗೆ ಬಂಡೆ ತೋರಿಸಿದಾಗ ಹೊರಗಿನ ಹೆಂಗಸರು ನಾಚಿ ಕೆಂಪಾಗುತ್ತಿದ್ದರು, ಅವರ ಗಂಡಂದಿರು ಮುಖ ಗಂಟು ಹಾಕಿಕೊಳ್ಳುತ್ತಿದ್ದರು. ಕೊನೆಗೆ ಹೆಂಡತಿ ರೋವೀನಾ ಒಂದು ಟಾರ್ಚು ತಂದುಕೊಟ್ಟು, "ಇದರಲ್ಲಿ ತೋರ್ಸು. ನಿನ್ನ ಮೂತಿ ನನಗೊಬ್ಬಳಿಗೆ ಸಾಕು," ಎಂದಳು.

ಇಷ್ಟೆಲ್ಲ ಆದರೂ ಅವನಿಗೆ ಒಳಗೊಳಗೇ ಒಂದು ಕೊರಗಿತ್ತು. ಅತ್ತೆಗೆ ತನ್ನನ್ನು ಕಂಡರೆ ಆಗದು ಎಂದು. ಅವಳಿಂದ ಬರುತ್ತಿದ್ದ ಮಾತೆಲ್ಲ ಗಾಡಿ ದೊಡ್ಡಿಗೆ ಅಡ್ಡ ನಿಲ್ಲಿಸಬೇಡ ಅನ್ನು, ಬಾಗಿಲು ಮೆಲ್ಲಗೆ ಹಾಕು ಅನ್ನು, ಇಂಥವೇ. ಮುಖ ನೋಡಿದರಲ್ಲವೇ ಸಿಟ್ಟೋ ಸಲಿಗೆಯೋ ಗೊತ್ತಾಗುವುದು?

ಆ ದಿನ ಆಗಸ್ಟ್ ತಿಂಗಳ ಒಂದು ಮಂಗಳವಾರ. ಮಳೆಗಾಲದ ನಡುವೆ ನಾವು ಎಲ್ಲರೂ ಕಿವಿ ನೆಟ್ಟಗೆ ಮಾಡಿಕೊಂಡೇ ಇರುತ್ತೇವೆ, ಏಕೆಂದರೆ ಗಂಟಲಿನ ಮೇಲೆ ಒಂದು ಹನಿ ಬೀಳದಿದ್ದರೂ ದಕ್ಷಿಣದಲ್ಲಿ ಎಲ್ಲೋ ಸುರಿದ ಮಳೆ ಒಣಹಳ್ಳ ಹಿಡಿದು ಬಂದುಬಿಡುತ್ತದೆ. ಬಂದರೆ ಒಳಗಿದ್ದವರು ಉಳಿಯುವುದಿಲ್ಲ. ಪ್ರತಿ ಸಲ ಜನರನ್ನು ಒಳಗೆ ಬಿಡುವ ಮುಂಚೆ ರೋವೀನಾ ಟಿಕೆಟ್ ಕೊಡುವ ಟ್ರೇಲರಿನಲ್ಲಿ ಕೂತು ಮೊಬೈಲಿನಲ್ಲಿ ಮೋಡದ ನಕ್ಷೆ ನೋಡುತ್ತಿದ್ದಳು. ಅಂದು ಬೆಳಗ್ಗೆ ಎಲ್ಲೋ ಟವರಿಗೆ ಸಿಡಿಲು ಬಡಿದು ಮೊಬೈಲಿಗೆ ಸಿಗ್ನಲ್ಲೇ ಇರಲಿಲ್ಲ.

ಮಧ್ಯಾಹ್ನ ಒಂದು ಗಂಟೆಗೆ ನಾಲ್ಕು ಜನ ಕಾದಿದ್ದರು. ಡೋರಿಸ್ ಎಂಬ ಎಪ್ಪತ್ತು ದಾಟಿದ ಅಜ್ಜಿ, ಒಂದು ಮಂಡಿಯಲ್ಲಿ ಲೋಹ ಹಾಕಿಸಿಕೊಂಡವಳು. ಕೆಲ್ಲರ್ ಎಂಬ ಫೋಟೋದವನು, ಮೂರು ಕಾಲಿನ ಸ್ಟ್ಯಾಂಡು ಹೊತ್ತುಕೊಂಡವನು. ಜೊತೆಗೆ ಹೊಸದಾಗಿ ಮದುವೆಯಾದ ಹುಡುಗ ಹುಡುಗಿ.

"ನಕ್ಷೆ ತೆಗೀತಾನೇ ಇಲ್ಲ," ಎಂದಳು ರೋವೀನಾ ಕಿಟಕಿಯಿಂದ. "ಇವತ್ತಿಗೆ ಸಾಕು ಮಾಡೋಣ್ವಾ?"

"ಆಕಾಶ ನೋಡು. ತೊಳೆದ ತಟ್ಟೆ ಇದ್ದಂಗಿದೆ."

"ತಲೆ ಮೇಲಿನ ಆಕಾಶ ಯಾರಿಗೆ ಬೇಕು? ದಕ್ಷಿಣ ನೋಡಿದ್ಯಾ?"

ಹಾರ್ಲನ್ ದಕ್ಷಿಣಕ್ಕೆ ತಿರುಗಿದ. ಗುಡ್ಡದ ಅಂಚಿನಲ್ಲಿ ಕೆಂಪು ಧೂಳು ಎದ್ದಿತ್ತು. ಕುರಿಗಳು. ಕುರಿ ಇದ್ದಲ್ಲಿ ಅತ್ತೆ ಇರುತ್ತಾಳೆ. ಅವನ ಕುತ್ತಿಗೆ ತಾನಾಗಿಯೇ ಈ ಕಡೆ ತಿರುಗಿತು.

"ನೋಡಿದೆ. ಏನೂ ಇಲ್ಲ," ಎಂದ.

ನನಗೆ ಅವನ ಮೇಲೆ ಸಿಟ್ಟು ಬರುವುದು ಇಲ್ಲೇ. ಝೋನಿ ಕುರಿ ಹೊಡೆದುಕೊಂಡು ಮನೆಗೆ ಬರುವುದು ಸಂಜೆ ಆರಕ್ಕೆ. ನಡುಮಧ್ಯಾಹ್ನ ಕುರಿಗಳು ನೆರಳಲ್ಲಿ ಮಲಗಿರಬೇಕಾದ ಹೊತ್ತಿನಲ್ಲಿ ಅವಳು ಏಕೆ ಓಡಿಸಿಕೊಂಡು ಬರುತ್ತಿದ್ದಾಳೆ ಎಂದು ಒಂದು ಸಲ, ಒಂದೇ ಸಲ ಕೇಳಿಕೊಂಡಿದ್ದರೆ ಸಾಕಿತ್ತು. ಆದರೆ ಹದಿನಾಲ್ಕು ವರ್ಷ ಒಂದು ದಿಕ್ಕಿಗೆ ನೋಡದೇ ಇರುವುದನ್ನು ಕಲಿತವನಿಗೆ ಆ ದಿಕ್ಕಿನಲ್ಲಿ ಏನಾದರೂ ಇರಬಹುದು ಎಂದೇ ತೋಚುವುದಿಲ್ಲ. ರೋವೀನಾ ಕೂತಲ್ಲಿಂದ ಆ ಗುಡ್ಡ ಕಾಣುತ್ತಿರಲಿಲ್ಲ. ಅವಳು ನಾಲ್ಕು ಚೀಟಿ ಹರಿದು ಕೊಟ್ಟಳು.

ಗಂಟಲಿನ ಬಾಯಲ್ಲಿ ಅವನು ಎಂದಿನಂತೆ ಒಂದು ಕ್ಷಣ ನಿಂತು, ಚೀಲದಿಂದ ಚಿಟಿಕೆ ಜೋಳದ ಹೂಪುಡಿ ತೆಗೆದು ಗಾಳಿಗೆ ಬಿಟ್ಟು ಬೇಡಿಕೊಂಡು, ಒಳಗೆ ಕಾಲಿಟ್ಟ. ಹಳ್ಳ ಬರುವ ದಿಕ್ಕಿಗೆ ಎದುರಾಗಿ ನಡೆಯುವುದು, ತುದಿ ಮುಟ್ಟಿ ಅದೇ ದಾರಿಯಲ್ಲಿ ವಾಪಸ್ಸು. ಒಟ್ಟು ಒಂದು ಗಂಟೆ.

ಅಂದು ಹೊತ್ತು ಹೆಚ್ಚೇ ಹಿಡಿಯಿತು. ಕೆಲ್ಲರ್ ಪ್ರತಿ ತಿರುವಿನಲ್ಲಿ ಸ್ಟ್ಯಾಂಡು ಊರಿ, "ಯಾರೂ ಅಲ್ಲಾಡ್ಬೇಡಿ, ಧೂಳು ಏಳುತ್ತೆ," ಎನ್ನುತ್ತಿದ್ದ. ಡೋರಿಸ್ ಮಂಡಿ ಉಜ್ಜಿಕೊಳ್ಳುತ್ತಾ, "ಅಲ್ಲಾಡೋ ಆಸೆ ನನಗೂ ಇಲ್ಲಪ್ಪ," ಎನ್ನುತ್ತಿದ್ದಳು.

"ನಿಧಾನ ಬನ್ನಿ ಅಜ್ಜಿ," ಎಂದ ಹಾರ್ಲನ್.

"ಯಾರಯ್ಯಾ ನಿನಗೆ ಅಜ್ಜಿ?"

"ನಮ್ಮಲ್ಲಿ ಅದು ಗೌರವದ ಮಾತು."

"ಹಾಗಾದ್ರೆ ಸ್ವಲ್ಪ ಕಡಿಮೆ ಗೌರವ ಕೊಡು, ಪರವಾಗಿಲ್ಲ."

ಎಲ್ಲರೂ ನಕ್ಕರು. ತುದಿಗೆ ಇನ್ನು ನೂರು ಹೆಜ್ಜೆ ಇರಬೇಕು, ಆಗ ಅವನ ಕಿವಿಗೆ ಬಿತ್ತು. ಮೇಲೆ, ಆಕಾಶದ ಗೆರೆಯ ಅಂಚಿನಲ್ಲಿ, ಬೆಳ್ಳಿ ಗೆಜ್ಜೆ.

ಹಾರ್ಲನ್ ಕೂಡಲೇ ನಿಂತ. ಟೋಪಿ ಮೂಗಿನವರೆಗೆ ಎಳೆದ. ಬಂಡೆಗೆ ಮುಖ ಮಾಡಿದ. "ಎಲ್ಲರೂ ಒಂದು ನಿಮಿಷ ನಿಲ್ಲಿ," ಎಂದ.

"ಏನಾಯ್ತು?" ಎಂದ ಕೆಲ್ಲರ್.

"ಮೇಲೆ ಹಿರಿಯರೊಬ್ಬರು ಹೋಗ್ತಿದಾರೆ. ದಾರಿ ಬಿಡಬೇಕು."

"ಅವರು ಮೇಲೆ ಹೋಗೋಕೆ ನಾವು ಕೆಳಗೆ ಯಾಕಪ್ಪ ದಾರಿ ಬಿಡೋದು?" ಎಂದಳು ಡೋರಿಸ್.

ಗೆಜ್ಜೆ ನಿಂತಿತು. ಅವನು ತಿರುಗಿ ಎರಡು ಹೆಜ್ಜೆ ಇಟ್ಟ. ಮತ್ತೆ ಗೆಜ್ಜೆ. ಮತ್ತೆ ಬಂಡೆಗೆ ಮುಖ. ಮೇಲೆ ಆಗುತ್ತಿದ್ದದ್ದೂ ಅದೇ ಎಂದು ಅವನಿಗೆ ಆಮೇಲೆ ತಿಳಿಯಿತು. ಅವನ ದನಿ ಕೇಳಿದ ಕೂಡಲೇ ಝೋನಿ ಅಂಚಿನಿಂದ ಹಿಂದೆ ಸರಿದು ಶಾಲು ಮುಸುಕು ಹಾಕಿಕೊಂಡು ನಿಂತಿದ್ದಳು, ದನಿ ನಿಂತ ಮೇಲೆ ಮುಂದೆ ಬರುತ್ತಿದ್ದಳು. ಇಬ್ಬರು ಮರ್ಯಾದಸ್ಥರು ಹೀಗೆ ಒಬ್ಬರಿಗೊಬ್ಬರು ದಾರಿ ಬಿಡುತ್ತಾ ನಾಲ್ಕು ನಿಮಿಷ ಕಳೆದರು.

ನಾಲ್ಕನೆಯ ಸಲ ಗೆಜ್ಜೆ ನಡೆಯುವವಳ ಗೆಜ್ಜೆಯಂತೆ ಸದ್ದು ಮಾಡಲಿಲ್ಲ. ಮುಷ್ಟಿಯಲ್ಲಿ ಹಿಡಿದು ಕುಲುಕುವಂತೆ ಬಿಡದೆ ಬಡಿಯಿತು. ದೂರ ಸರಿ ಎಂದು ಹೇಳಲು ಇರುವ ಗೆಜ್ಜೆ ಯಾರನ್ನೋ ಕರೆಯುತ್ತಿತ್ತು. ಅವನ ಬೆನ್ನಿನ ಮೇಲೆ ಮರಳು ಸುರಿಯಿತು. ಆಮೇಲೆ ಒಂದು ಕೂಗು. ಗಂಟಲಿನೊಳಗೆ ಯಾವ ಮಾತೂ ಇಡಿಯಾಗಿ ಇಳಿಯುವುದಿಲ್ಲ, ಬಂಡೆಯಿಂದ ಬಂಡೆಗೆ ಒಡೆದು ಚೂರಾಗುತ್ತದೆ. ಅಷ್ಟು ಚೂರುಗಳಲ್ಲಿ ಒಂದು ಮಾತು ಮಾತ್ರ ಅವನಿಗೆ ಸ್ಪಷ್ಟವಾಗಿ ಕೇಳಿತು.

"ನೀರು!"

ಅದೇ ಹೊತ್ತಿಗೆ ಎದುರಿನ ತಿರುವಿನಿಂದ ತಣ್ಣನೆಯ ಗಾಳಿ ಬಂತು. ಒಳಗೆ ಎಂದೂ ಗಾಳಿ ಬರುವುದಿಲ್ಲ. ಒದ್ದೆ ಮಣ್ಣಿನ ವಾಸನೆ ಬಂತು. ಬಾಯಿಗೆ ವಾಪಸ್ಸು ಹೋಗಲು ಓಡಿದರೂ ಹತ್ತು ನಿಮಿಷ ಬೇಕು. ಡೋರಿಸ್ ಓಡುವವಳಲ್ಲ. ಮುಂದೆ ತುದಿಯಲ್ಲಿ ಕಬ್ಬಿಣದ ಏಣಿಯಿದೆ, ಆದರೆ ನೀರು ಬರುವುದು ಅಲ್ಲಿಂದಲೇ. ನಾಲ್ಕು ಜೀವ ಅವನನ್ನು ನಂಬಿ ಬಂದಿದ್ದವು. ತೊಳೆದ ತಟ್ಟೆ ಎಂದಿದ್ದ ಬಾಯನ್ನು ಕಚ್ಚಿಕೊಂಡ.

ಅತ್ತೆ ಹುಟ್ಟಿದ್ದು ಈ ನೆಲದ ಮೇಲೆ. ಅವಳು ಬರಿದೇ ಹೆದರಿಸಲು ಬಂದಿಲ್ಲ, ಏನೋ ದಾರಿ ಹೇಳಲು ಬಂದಿದ್ದಾಳೆ ಎಂದು ಅವನಿಗೆ ಹೊಳೆಯಿತು. ಟೋಪಿ ಇನ್ನೂ ಮೂಗಿನ ಮೇಲೇ ಇತ್ತು.

"ಅಜ್ಜಿ, ಮೇಲೆ ನೋಡಿ. ಆ ಹೆಂಗಸು ಏನು ಮಾಡ್ತಿದಾರೆ ಹೇಳಿ. ಬೇಗ!"

"ಬೋರಲು ಮಲಗಿ ತಲೆ ಕೆಳಗೆ ಹಾಕಿದಾಳೆ. ಎರಡು ಕೈಯಲ್ಲೂ ಬಂಡೆ ಹಿಡ್ಕೊಂಡಿದಾಳೆ. ಅಯ್ಯೋ ಬೀಳ್ತಾಳೆ ಕಣೋ! ಅಲ್ಲ, ಇದೇನಿದು... ಮುತ್ತು ಕೊಡ್ತಿದಾಳೆ!"

"ಯಾವ ಕಡೆಗೆ?"

"ಯಾವ ಕಡೆಗೆ ಅಂದ್ರೆ? ನಮಗೇ ಕೊಡ್ತಿದಾಳೆ!"

"ತುಟಿ ಯಾವ ಕಡೆ ತಿರುಗಿದೆ ಅಜ್ಜಿ?"

"ಎಡಕ್ಕೆ," ಎಂದಳು ಡೋರಿಸ್. "ಬಲಕ್ಕೆ," ಎಂದ ಕೆಲ್ಲರ್. "ಮೇಲಕ್ಕೆ, ಬಾಯಿ ಮೇಲಕ್ಕೆ," ಎಂದು ಹೊಸ ಮದುಮಗಳು ಅಳುತ್ತಾ ಕೂಗಿದಳು. ಅವರು ಮೂವರೂ ಸುಳ್ಳು ಹೇಳುತ್ತಿರಲಿಲ್ಲ. ಓದು ಬಾರದವರ ಕೈಗೆ ಕಾಗದ ಕೊಟ್ಟಂತಾಗಿತ್ತು. ತುಟಿಯೊಂದನ್ನೇ ನೋಡಿದರೆ ನಮ್ಮ ತೋರಿಕೆ ತಿಳಿಯುವುದಿಲ್ಲ, ಕಣ್ಣು, ಹುಬ್ಬು, ಗದ್ದ ಎಲ್ಲವನ್ನೂ ಒಟ್ಟಿಗೆ ನೋಡಬೇಕು. ಇಡೀ ಮುಖ ನೋಡಬೇಕು.

ತಿರುವಿನ ಆಚೆ ಗಿರಣಿಯಲ್ಲಿ ಕಲ್ಲು ಉರುಳಿದಂಥ ಸದ್ದು ಶುರುವಾಯಿತು.

ಹಾರ್ಲನ್‌ಗೆ ಹೆದರಿಕೆಯಾಯಿತು. ನೀರಿಗಿಂತ ಹೆಚ್ಚು ಹೆದರಿಕೆ ಆ ಟೋಪಿ ಎತ್ತುವುದಕ್ಕೇ ಆಯಿತು ಎಂದು ಅವನೇ ಹೇಳಿದ್ದಾನೆ, ನಾನೇಕೆ ಮುಚ್ಚಿಡಲಿ? ಕಣ್ಣು ಹೋದರೆ ವೆಲ್ಡಿಂಗ್ ಇಲ್ಲ, ದಾರಿ ತೋರಿಸುವ ಕೆಲಸವಿಲ್ಲ, ರೋವೀನಾಳ ಮುಖವಿಲ್ಲ. ತನ್ನ ಕಣ್ಣಷ್ಟೇ ಅಲ್ಲ, ಅವಳದೂ. ಅವನ ಕೈ ಟೋಪಿಯ ಅಂಚು ಹಿಡಿದು ಅಲ್ಲೇ ನಿಂತಿತು. ಅಷ್ಟರಲ್ಲಿ ಡೋರಿಸ್ ಅವನ ತೋಳು ಹಿಡಿದು, "ನೀನೇ ನೋಡಪ್ಪ. ನಮಗೆ ತಿಳಿಯಲ್ಲ," ಎಂದಳು.

ಅವನು ಟೋಪಿ ತೆಗೆದು ತಲೆ ಎತ್ತಿದ.

ರೋವೀನಾಳ ಹಣೆ. ರೋವೀನಾಳ ಗದ್ದ. ಬಿಸಿಲಿಗೆ ಬಿರಿದ ಕೆನ್ನೆ, ಹಾರುವ ನರೆಗೂದಲು. ಆ ಮುಖದ ನಡುವೆ ಎರಡು ಬಿಳಿ ಕಣ್ಣು. ಕಪ್ಪಿರಬೇಕಾದಲ್ಲಿ ಹಾಲು ಹನಿಸಿದಂತೆ ಬಿಳುಪು.

ನೋಡಿಬಿಟ್ಟಿದ್ದಾಳೆ. ಎಂದೋ ನನ್ನನ್ನು ನೋಡಿಬಿಟ್ಟಿದ್ದಾಳೆ. ಈ ಮಾತು ಅವನ ತಲೆಯಲ್ಲಿ ಸಿಡಿಯಿತು. ಆದರೆ ಅವಳ ತುಟಿ ಆಡುತ್ತಲೇ ಇತ್ತು, ಅದನ್ನು ಅವನು ಓದಿಯೂಬಿಟ್ಟ. ಹಿಂದಕ್ಕೆ. ದಾಟಿ ಬಂದ ತಿರುವಿನ ಆ ಬದಿಗೆ. ಎಡಗಡೆಯ ಉಬ್ಬಿದ ಬಂಡೆ. ಅದರ ಹಿಂದೆ. ಮೇಲೆ.

"ನನ್ನ ಹಿಂದೆ ಬನ್ನಿ!" ಎಂದು ಡೋರಿಸ್‌ಳನ್ನು ಸೊಂಟ ಹಿಡಿದು ಎತ್ತಿಕೊಂಡೇ ಓಡಿದ.

ಮೂವತ್ತು ಹೆಜ್ಜೆ. ಏಳು ವರ್ಷ ದಿನಕ್ಕೆ ನಾಲ್ಕು ಸಲ ಆ ಬಂಡೆಯ ಪಕ್ಕ ಹೋಗಿದ್ದ, ಅದರ ಹಿಂದೆ ಏನಾದರೂ ಇದೆ ಎಂದು ಕನಸಲ್ಲೂ ಅಂದುಕೊಂಡಿರಲಿಲ್ಲ. ಉಬ್ಬಿನ ಹಿಂದೆ ಒಂದು ಮಡಿಕೆ. ಮಡಿಕೆಯೊಳಗೆ, ಅವನ ತಲೆಗಿಂತ ಎತ್ತರದಲ್ಲಿ, ಹಿಂದಿನವರು ಬಂಡೆಯಲ್ಲಿ ಕೆತ್ತಿದ ಮೆಟ್ಟಿಲ ಸಾಲು ಮೇಲಕ್ಕೆ ಹೋಗಿತ್ತು. ಝೋನಿ ಸಣ್ಣವಳಿದ್ದಾಗ ಮರಿಗಳನ್ನು ಹೆಗಲ ಮೇಲೆ ಹೊತ್ತು ಹತ್ತಿಸುತ್ತಿದ್ದ ದಾರಿ. ಆಗ ಮರಳು ಅಷ್ಟು ಎತ್ತರಕ್ಕಿತ್ತು, ಆಮೇಲೆ ಬಂದ ನೀರು ಕೆಳಗಿನ ಮರಳನ್ನೆಲ್ಲ ಎಳೆದುಕೊಂಡು ಹೋಗಿತ್ತು. ಅವಳು ಆಗಲೇ ಇಳಿಬಿಟ್ಟಿದ್ದ ಹಗ್ಗ ಮಡಿಕೆಯಲ್ಲಿ ಜೋತಾಡುತ್ತಿತ್ತು.

ಅವನು ಬಗ್ಗಿ ಬೆನ್ನು ಕೊಟ್ಟ. ಹುಡುಗಿ ಅವನ ಹೆಗಲು ತುಳಿದು ಮೆಟ್ಟಿಲು ಹಿಡಿದಳು. ಅವಳ ಗಂಡ ಹಿಂದೆಯೇ ಹತ್ತಿದ. ಅಷ್ಟರಲ್ಲಿ ನೀರಿನ ಮೊದಲ ನಾಲಿಗೆ ಬಂತು. ಪಾದದ ಎತ್ತರ, ಕಂದು ನೊರೆ, ಅದರ ಮೇಲೆ ಕಡ್ಡಿ, ಕುರಿಹಿಕ್ಕೆ.

ಕೆಲ್ಲರ್ ಸ್ಟ್ಯಾಂಡನ್ನು ಎದೆಗವಚಿಕೊಂಡು ನಿಂತಿದ್ದ.

"ಬಿಸಾಕಿ ಅದನ್ನ!"

"ನೀವು ಹಿಡ್ಕೊಂಡಿರಿ, ನಾನು ಹತ್ತಿದ ಮೇಲೆ ಕೊಡಿ..."

ಹಾರ್ಲನ್ ಅದನ್ನು ಕಿತ್ತು ನೀರಿಗೆ ಎಸೆದು, ಅವನ ಕಾಲರ್ ಹಿಡಿದು ಮೇಲಕ್ಕೆ ತಳ್ಳಿದ. ಅಷ್ಟೊಂದು ಕೆಟ್ಟ ಬೈಗುಳ ಅವನ ಬಾಯಲ್ಲಿ ಅದೇ ಮೊದಲು ಬಂದದ್ದು.

ಈಗ ಮಂಡಿಯವರೆಗೆ. ಡೋರಿಸ್ ಗೋಡೆಗೆ ಒರಗಿ, "ನನ್ನ ಕೈಲಾಗಲ್ಲಪ್ಪ. ನೀನು ಹತ್ತು," ಎಂದಳು. ತಮಾಷೆಯಿಲ್ಲದ ದನಿಯಲ್ಲಿ.

"ಬಾಯಿ ಮುಚ್ಕೊಂಡು ಕೈ ಎತ್ತಿ ಅಜ್ಜಿ."

ಹಗ್ಗದ ತುದಿಯನ್ನು ಅವಳ ಕಂಕುಳ ಕೆಳಗೆ ಸುತ್ತಿ ಗಂಟು ಹಾಕಿ, ಎರಡು ಸಲ ಜಗ್ಗಿದ. ಮೇಲೆ ಹಗ್ಗದ ಇನ್ನೊಂದು ತುದಿ ಝೋನಿಯ ಹೆಣ್ಣು ಕುದುರೆಯ ಜೀನಿನ ಕೊಂಬಿಗೆ ಬಿಗಿದಿತ್ತು. ಹಗ್ಗ ಜಗ್ಗಿದರೆ ಒಂದೊಂದೇ ಹೆಜ್ಜೆ ಹಿಂದೆ ಸರಿಯುವುದು ಆ ಕುದುರೆ ಮರಿಯಿದ್ದಾಗಲೇ ಕಲಿತ ಪಾಠ. ಡೋರಿಸ್ ಗೋಡೆಗೆ ಉಜ್ಜಿಕೊಳ್ಳುತ್ತಾ, ಮಂಡಿಯನ್ನೂ ದೇವರನ್ನೂ ಒಟ್ಟಿಗೆ ಶಪಿಸುತ್ತಾ ಮೇಲೆ ಹೋದಳು.

ಹಗ್ಗ ಮತ್ತೆ ಇಳಿದು ಬರುವಷ್ಟರಲ್ಲಿ ನೀರು ಅವನ ಎದೆಗೆ ಬಂದಿತ್ತು. ಒಂದು ಮರದ ಬೊಡ್ಡೆ ಬಂದು ತೊಡೆಗೆ ಬಡಿಯಿತು. ಕಾಲು ನೆಲ ಬಿಟ್ಟಿತು. ಒಂದು ಕೈಗೆ ಹಗ್ಗ ಸಿಕ್ಕಿತು, ಇನ್ನೊಂದು ಕೈಗೆ ಸಿಕ್ಕಲಿಲ್ಲ. ಆ ಒಂದು ಕೈಯಲ್ಲಿ ಅವನು ಎಷ್ಟು ಹೊತ್ತು ಜೋತಾಡಿದನೋ ಅವನಿಗೇ ಗೊತ್ತಿಲ್ಲ. ಆಮೇಲೆ ಎದೆಯ ಕೆಳಗೆ ಬಂಡೆ ತಾಗಿತು, ಮೆಟ್ಟಿಲು ಸಿಕ್ಕಿತು. ಹತ್ತಿ ಮೇಲೆ ಬಂದಾಗ ಬಿಸಿಲು ಹಾಗೆಯೇ ಇತ್ತು. ತಲೆಯ ಮೇಲೆ ಒಂದು ಮೋಡವೂ ಇರಲಿಲ್ಲ.

ಝೋನಿ ಕುದುರೆಯ ಆ ಮಗ್ಗುಲಲ್ಲಿ ನಿಂತಿದ್ದಳು, ಶಾಲು ಮುಸುಕು ಹಾಕಿಕೊಂಡು. ಡೋರಿಸ್ ಹೋಗಿ ಶಾಲನ್ನೂ ಸೇರಿಸಿ ಅವಳನ್ನು ತಬ್ಬಿಕೊಂಡು ಗಳಗಳನೆ ಅತ್ತಳು. ಹಾರ್ಲನ್ ಟೋಪಿಗಾಗಿ ತಡಕಿದ. ಅದು ನೀರಿನ ಪಾಲಾಗಿತ್ತು. ಅಂಗೈಯಿಂದ ಕಣ್ಣು ಮುಚ್ಚಿಕೊಂಡು, ಅತ್ತೆಗೆ ಬೆನ್ನು ಮಾಡಿ ಕೂತುಬಿಟ್ಟ.

ಬಂದವರೆಲ್ಲ ಹೋದ ಮೇಲೆ, ಹೊತ್ತು ಮುಳುಗುವ ಮುಂಚೆ, ರೋವೀನಾ ಅವನ ತೊಡೆಯ ಗಾಯಕ್ಕೆ ಬಿಸಿನೀರು ಹಾಕುತ್ತಿದ್ದಳು.

"ನಿಮ್ಮಮ್ಮನ ಕಣ್ಣು ಯಾಕೆ ಹಾಗಿದೆ?"

ಅವಳ ಕೈ ನಿಂತಿತು. "ಎರಡು ವರ್ಷ ಆಯ್ತು. ಟ್ಯೂಬಾ ಸಿಟಿ ಡಾಕ್ಟರು ಪೊರೆ ಅಂತಾರೆ. ತೆಗೆಯೋದು ಅರ್ಧ ಗಂಟೆ ಕೆಲಸ ಅಂತಾರೆ. ಅಮ್ಮ ಒಪ್ತಿಲ್ಲ. ಈಗ ಬೆಳಕು ಕತ್ತಲೆ ಬಿಟ್ರೆ ಏನೂ ಕಾಣಲ್ಲ."

"ಮತ್ತೆ ಕುರಿ?"

"ಕುರಿಗೆ ದಾರಿ ಗೊತ್ತು, ಕುದುರೆಗೆ ಕುರಿ ಗೊತ್ತು. ಇವತ್ತು ಮಳೆ ವಾಸನೆ ಹಿಡಿದೇ ಬಂದಿದ್ದು. ನಿಮ್ಮ ದನಿ ಕೇಳಿ ಎಲ್ಲಿದೀರಿ ಅಂತ ಲೆಕ್ಕ ಹಾಕಿದಾರೆ."

"ನನಗ್ಯಾಕೆ ಹೇಳ್ಲಿಲ್ಲ ನೀನು?"

"ಹೇಳಿದ್ರೆ ನೀನು ಏನು ಅಂದ್ಕೋತಿದ್ದೆ?"

ಅವನು ಅಂದುಕೊಂಡೂ ಆಗಿತ್ತಲ್ಲ.

"ಹಿರಿಯರನ್ನ ಕರೆಸಿ ದೋಷ ಕಳೆಯೋ ಹಾಡು ಹಾಡಿಸೋಣ," ಎಂದಳು ರೋವೀನಾ. "ನಿನಗೆ ಈಗ ಹೇಗಿದೆ? ಕಾಣ್ತಿದೆಯಾ?" ಒಂದು ಗಂಟೆಯಲ್ಲಿ ಅವಳು ಅದನ್ನು ಕೇಳಿದ್ದು ಆರನೆಯ ಸಲ.

ಮರುದಿನ ಎಚ್ಚರವಾದಾಗ ಹಾರ್ಲನ್ ಕಣ್ಣು ತೆರೆಯಲಿಲ್ಲ. ಕಾಫಿಯ ವಾಸನೆ ಬಂತು, ಕುರಿಗಳು ಅರಚಿದವು, ಬೆಳಗಾಗಿದೆ ಎಂದು ಗೊತ್ತಾಯಿತು. ನೋಡಿದ ಕೂಡಲೇ ಹೋಗುವುದಿಲ್ಲ, ಒಂದು ನಿದ್ದೆ ಕಳೆದ ಮೇಲೆ ಹೋಗುತ್ತದೆ ಎಂದು ಚಿಕ್ಕಂದಿನಲ್ಲಿ ಯಾರೋ ಹೇಳಿದ್ದರು. ರೆಪ್ಪೆ ಬಿಗಿಹಿಡಿದು ಮಲಗಿಯೇ ಇದ್ದ. ಬಾಗಿಲ ಹೊರಗೆ ಯಾರೋ ಗಂಟಲು ಸರಿಪಡಿಸಿಕೊಂಡರು.

"ರೋವೀನಾ. ಅವನಿಗೆ ಕಣ್ಣು ಕಾಣತ್ತಾ ಕೇಳು."

ಅತ್ತೆಯ ದನಿ. ರಾತ್ರಿಯಿಡೀ ನಿದ್ದೆ ಮಾಡದವರ ದನಿ.

ಹಾರ್ಲನ್ ಕಣ್ಣು ತೆರೆದ. ಮೊದಲು ಒಲೆಯ ಕೊಳವೆ ಕಂಡಿತು. ಆಮೇಲೆ ಅದರ ಸುತ್ತಲಿನ ತೂತಿನಿಂದ ಇಳಿದ ಬಿಸಿಲು, ಕಾಫಿಯ ಡಬ್ಬಿ, ಅದನ್ನು ಹಿಡಿದು ಕಲ್ಲಾಗಿ ನಿಂತ ರೋವೀನಾ.

"ಕಾಣತ್ತೆ ಅನ್ನು."

"ಕಾಣತ್ತಂತೆ ಅಮ್ಮ!"

"ಎರಡೂ ಕಣ್ಣಾ?"

ಅವನು ಒಂದೊಂದನ್ನೇ ಮುಚ್ಚಿ ನೋಡಿದ. "ಎರಡೂ."

ಹೊರಗೆ ಅವಳು ನೆಲದ ಮೇಲೆ ಕುಸಿದು ಕೂತ ಸದ್ದಾಯಿತು. ರೋವೀನಾ ಬಾಗಿಲು ತೆರೆದಳು. ಅವನು ಹಾಸಿಗೆಯಲ್ಲಿ ಗೋಡೆಗೆ ತಿರುಗಿಕೊಂಡ.

"ಹಾಗಾದ್ರೆ ನನ್ನ ಕಣ್ಣು ಹೋಗಿದ್ದು ಅದಕ್ಕಲ್ಲ," ಎಂದಳು ಝೋನಿ ಮೆಲ್ಲಗೆ.

"ಯಾವುದಕ್ಕೆ ಅಮ್ಮ?"

"ನಿನ್ನ ಮದುವೆ ದಿನ ನೋಡಿದ್ದೆ. ಗೋಡೆ ತೊಲೆ ಸಂದಿಯಿಂದ. ಇರೋದೊಬ್ಬಳೇ ಮಗಳು, ಎಂಥವನಿಗೆ ಕೊಡ್ತಿದೀನಿ ಅಂತ ನೋಡದೆ ಹೇಗಿರಲಿ? ಒಂದೇ ಬುಟ್ಟಿಯಿಂದ ಮದುವೆ ಗಂಜಿ ತಿಂತಿದ್ರಿ ಇಬ್ಬರೂ. ಅವನು ತನ್ನ ಕಡೆ ಉಳಿದದ್ದನ್ನ ಬೆರಳಲ್ಲಿ ನಿನ್ನ ಕಡೆ ಸರಿಸಿದ, ಯಾರೂ ನೋಡ್ತಿಲ್ಲ ಅಂದ್ಕೊಂಡು. ಸಾಕು ಅನ್ನಿಸ್ತು ನನಗೆ. ಆಮೇಲೆ ಕಣ್ಣು ಮಂಜಾದಾಗ, ಅನುಭವಿಸಬೇಕಾದ್ದು ಬಂತು ಅಂದ್ಕೊಂಡೆ. ಅದನ್ನ ಡಾಕ್ಟರ್ ಹತ್ರ ತೆಗೆಸೋದು ಯಾವ ನ್ಯಾಯ?"

ರೋವೀನಾ ಕಾಫಿಯ ಡಬ್ಬಿ ಕೆಳಗಿಟ್ಟು ಅಮ್ಮನ ಪಕ್ಕ ಹೋಗಿ ಕೂತಳು.

"ನಿನ್ನೆ ಮುಖ ಕೆಳಗೆ ಹಾಕಿದಾಗ ನನಗೆ ಗೊತ್ತಿತ್ತು ಕಣೆ, ನನಗಾದದ್ದೇ ಅವನಿಗೂ ಆಗತ್ತೆ ಅಂತ. ನಿನ್ನ ಗಂಡನ ಕಣ್ಣು ನಾನೇ ಕೀಳ್ತಿದೀನಿ ಅಂತ. ಕುರುಡನಾದ್ರೂ ಪರವಾಗಿಲ್ಲ, ಮನೆಗೆ ಬರಲಿ ಅಂದ್ಕೊಂಡೆ."

ಹದಿನಾಲ್ಕು ವರ್ಷ ಅತ್ತೆಗೆ ನಾನು ಹಿಡಿಸಿಲ್ಲ ಎಂದು ನಂಬಿದ್ದ ಆ ದಡ್ಡ, ಹಾಸಿಗೆಯ ಮೇಲೆ ಎದ್ದು ಕೂತು ಮಗುವಿನಂತೆ ಅತ್ತ. ಅತ್ತು ಮುಗಿದ ಮೇಲೆ ಗೋಡೆಗೇ ಹೇಳಿದ: "ಗಾಡಿ ತೆಗೀತೀನಿ, ಆಸ್ಪತ್ರೆಗೆ ಹೋಗೋಣ ಅನ್ನು ಅವರಿಗೆ. ಇವತ್ತೇ."

ಹೊರಗೆ ಗೆಜ್ಜೆ ಸದ್ದಾಯಿತು, ಅವಳು ಎದ್ದಳು.

"ಬರ್ತೀನಿ ಅನ್ನು," ಎಂದಳು ಝೋನಿ. "ಒಂದು ಮಾತು ಹೇಳು ಅವನಿಗೆ. ಕಟ್ಟು ಬಿಚ್ಚೋ ದಿನ ಎದುರಿಗೇ ನಿಂತಿರಬೇಕು. ಒಂದು ಸಲ ಸರಿಯಾಗಿ ನೋಡ್ತೀನಿ. ಆಮೇಲೆ ಎಂದಿನ ಹಾಗೆ."